ಹುಲ್ಲು ನೋಡೋಕೆ ಇಷ್ಟು ದೂರಾನಾ? ಅಮೆರಿಕದ ಪ್ರೇರಿ ಸ್ಟೇಟ್ ಪಾರ್ಕ್‌ಗಳಲ್ಲಿ ಯಾವುದಕ್ಕೆ ಹೋಗಬೇಕು

ಪ್ರತಿ ವರ್ಷ ಏಪ್ರಿಲ್ ಬಂದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ. "ಊರಿಂದ ಅಪ್ಪ ಅಮ್ಮ ಬರ್ತಿದ್ದಾರೆ, ಮೂರ್ನಾಲ್ಕು ದಿನ ಎಲ್ಲಿಗೆ ಕರ್ಕೊಂಡು ಹೋಗೋದು?" ಉತ್ತರಗಳೂ ಅವೇ. ನಯಾಗರಾ, ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನಿಯನ್. ನಾನು ಪ್ರೇರಿ ಪಾರ್ಕ್ ಅಂದರೆ ಒಂದಿಬ್ಬರು ನಗುತ್ತಾರೆ. ಹುಲ್ಲು ನೋಡೋಕೆ ಗಾಡಿ ಓಡಿಸಿಕೊಂಡು ಹೋಗಬೇಕಾ ಅಂತ.

ನಗಲಿ ಬಿಡಿ. ಮದುವೆಯಾಗಿ ಡಲ್ಲಾಸ್‌ಗೆ ಬಂದು, ಆಮೇಲೆ ಮಿನಿಯಾಪೊಲಿಸ್‌ಗೆ ಮನೆ ಬದಲಾಯಿಸಿದ ಈ ಹನ್ನೊಂದು ವರ್ಷಗಳಲ್ಲಿ ಇಂಥ ಐದು ಪಾರ್ಕ್ ಸುತ್ತಿದ್ದೇವೆ. ಕೆಲವಕ್ಕೆ ಎರಡೆರಡು ಸಲ. ಅಪ್ಪ ಅಮ್ಮನ ಜೊತೆ, ಮಕ್ಕಳ ಜೊತೆ, ಒಂದು ಸಲ ಯಾರೂ ಇಲ್ಲದೆ ನಾವಿಬ್ಬರೇ. ಅದರಿಂದ ಕಲಿತದ್ದು ಇಷ್ಟೇ: ಬೈಸನ್ ಅನ್ನುವ ಇಲ್ಲಿನ ಕಾಡುದನ ನೋಡುವ ಪಾರ್ಕ್ ಬೇರೆ, ಹುಲ್ಲು ನೋಡುವ ಪಾರ್ಕ್ ಬೇರೆ. ಎರಡೂ ಒಂದೇ ಅಂದುಕೊಂಡು ಹೋದವರೇ ಮುಖ ಸಪ್ಪೆ ಮಾಡಿಕೊಂಡು ವಾಪಸ್ ಬರುವುದು. ನಿಮಗೆ ಬೇಕಾದದ್ದು ಯಾವುದು ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ. ಪಾರ್ಕ್ ತಾನಾಗಿ ಗೊತ್ತಾಗುತ್ತದೆ.

ಪ್ರೇರಿ ಅಂದರೆ ಏನು ಅಂತ ಚಳ್ಳಕೆರೆ, ಹಿರಿಯೂರು ಕಡೆಯವರಿಗೆ ಹೇಳಬೇಕಾಗಿಲ್ಲ. ಅಮೃತಮಹಲ್ ಕಾವಲು ನೋಡಿದ್ದೀರಲ್ಲ, ಅದೇ ಜಾತಿ. ಮರ ಕಮ್ಮಿ, ಹುಲ್ಲು ಜಾಸ್ತಿ, ಆಕಾಶ ಇನ್ನೂ ಜಾಸ್ತಿ. ಇಲ್ಲಿ ಪೂರ್ವದ ಕಡೆ ಮಳೆ ಹೆಚ್ಚು, ಅದಕ್ಕೇ ಹುಲ್ಲು ಆಳೆತ್ತರ. ಪಶ್ಚಿಮಕ್ಕೆ, ರಾಕಿ ಬೆಟ್ಟಗಳ ಕಡೆಗೆ ಹೋದಷ್ಟೂ ಮಳೆ ಕಮ್ಮಿಯಾಗಿ ಹುಲ್ಲು ಗಿಡ್ಡವಾಗುತ್ತದೆ. ಇಷ್ಟು ತಿಳಿದಿದ್ದರೆ ಯಾವ ಪಾರ್ಕ್‌ನಲ್ಲಿ ಎಂಥ ಹುಲ್ಲು ಸಿಗುತ್ತದೆ ಅಂತ ಮ್ಯಾಪ್ ನೋಡಿಯೇ ಹೇಳಬಹುದು.

ಕಸ್ಟರ್: ಕಾರಿಂದ ಇಳಿಯದೆ ನೋಡುವವರಿಗೆ

ಸೌತ್ ಡಕೋಟಾದ ಕಸ್ಟರ್ ಸ್ಟೇಟ್ ಪಾರ್ಕ್ ದೊಡ್ಡದು. 71,000 ಎಕರೆ. ಸಾವಿರಕ್ಕೂ ಜಾಸ್ತಿ ಬೈಸನ್. ಮಂಡಿ ನೋವಿನ ಅಪ್ಪ, ಎರಡು ನಿಮಿಷ ಸುಮ್ಮನೆ ಕೂರದ ಮಕ್ಕಳು, ಇವರಿಬ್ಬರೂ ಒಂದೇ ಕಾರಿನಲ್ಲಿದ್ದರೆ ಬೇರೆ ಯೋಚನೆಯೇ ಬೇಡ. ಇಲ್ಲಿಗೇ ಹೋಗಿ. 18 ಮೈಲಿಯ ವೈಲ್ಡ್‌ಲೈಫ್ ಲೂಪ್ ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹಾಕಿದರೆ ಬೈಸನ್, ಜಿಂಕೆಯಂಥ ಪ್ರಾಂಗ್‌ಹಾರ್ನ್, ಬಿಲದಿಂದ ತಲೆ ಎತ್ತಿ ಕಿರುಚುವ ಪ್ರೇರಿ ಡಾಗ್, ಎಲ್ಲ ಕಾಣುತ್ತವೆ. ಪ್ರೇರಿ ಡಾಗ್ ಅಂದರೆ ನಾಯಿಯಲ್ಲ, ಅಳಿಲಿನ ಕುಲ. ನನ್ನ ಚಿಕ್ಕ ಮಗನಿಗೆ ಇದನ್ನು ಒಪ್ಪಿಸುವುದಕ್ಕೆ ಅರ್ಧ ದಿನ ಬೇಕಾಯಿತು.

ಹಾಗೆಯೇ ಈ ಬೈಸನ್ ನಮ್ಮ ಬಂಡೀಪುರದ ಕಾಟಿಯಲ್ಲ. ಕಾಟಿಗೂ 'ಇಂಡಿಯನ್ ಬೈಸನ್' ಅಂತ ಒಂದು ಹೆಸರು ಅಂಟಿಕೊಂಡಿದೆ, ಅಷ್ಟೇ. ಕಾಟಿಯ ಮೈ ಎಣ್ಣೆ ಹಚ್ಚಿದ ಹಾಗೆ ನುಣುಪು. ಇದರದ್ದು ಹಾಗಲ್ಲ. ಎರಡು ವರ್ಷದ ಹಿಂದೆ ಜೂನ್ ತಿಂಗಳ ಬೆಳಗ್ಗೆ ಆರೂವರೆಗೆ ಒಂದು ಗೂಳಿ ನಮ್ಮ ಕಾರಿನ ಪಕ್ಕಕ್ಕೇ ಬಂದು ನಿಂತಿತು. ಗಾಜು ಏರಿಸಿದ್ದೆವು. ಅದರ ಗಡ್ಡದಲ್ಲಿ ಒಣಹುಲ್ಲಿನ ಎಸಳು ಸಿಕ್ಕಿಕೊಂಡಿದ್ದವು. ಚಳಿಗಾಲದ ಕೂದಲು ಪೂರ್ತಿ ಉದುರದೆ, ಹರಿದ ಕಂಬಳಿಯ ಹಾಗೆ ಪಕ್ಕೆಯ ಮೇಲೆ ಜೋತಾಡುತ್ತಿತ್ತು. ಒಂದು ಸಲ ಉಸಿರು ಬಿಟ್ಟಿತು. ಗಾಜಿನ ಮೇಲೆ ತಟ್ಟೆಯಗಲ ಮಂಜು. ಹಿಂದಿನ ಸೀಟಿನಿಂದ ಅಪ್ಪ ಪಿಸುಗುಟ್ಟಿದರು, "ಗಾಡಿ ಆಫ್ ಮಾಡಮ್ಮ. ಇದು ಹೋಗೋವರೆಗೂ ನಾವೂ ಎಲ್ಲಿಗೂ ಹೋಗಲ್ಲ." ಇಪ್ಪತ್ತು ನಿಮಿಷ ನಿಂತಿತ್ತು. ಅಮ್ಮ ಮನಸ್ಸಿನಲ್ಲೇ ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

ಮಕ್ಕಳಿಗೆ ಬೈಸನ್‌ಗಿಂತ ಜಾಸ್ತಿ ಹಿಡಿಸಿದ್ದು ಕತ್ತೆಗಳು. ಹಿಂದೆ ಪ್ರವಾಸಿಗಳನ್ನು ಬೆಟ್ಟ ಹತ್ತಿಸುತ್ತಿದ್ದ ಕತ್ತೆಗಳ ಸಂತಾನ ಅವು. ಈಗ ರಸ್ತೆಯಲ್ಲೇ ಠಿಕಾಣಿ ಹೂಡಿ, ಕಿಟಕಿ ತೆಗೆದರೆ ಒಳಗೆ ಮೂತಿ ಹಾಕುತ್ತವೆ. ಚಕ್ಕುಲಿ ಡಬ್ಬ ಜೋಪಾನ.

ಆದರೆ ಕಸ್ಟರ್ ಪ್ರೇರಿಯಾ ಅಂತ ಕೇಳಿದರೆ, ಅರ್ಧ ಮಾತ್ರ ಅನ್ನುತ್ತೇನೆ. ತಗ್ಗಿನ ಕಡೆ ಹುಲ್ಲು. ಮೇಲಕ್ಕೆ ಹೋದರೆ ಪೈನ್ ಮರ ಮತ್ತು ಗ್ರಾನೈಟ್ ಬಂಡೆ. ಸಿಲ್ವನ್ ಲೇಕ್ ಸುತ್ತ ಒಂದು ಮೈಲಿ ನಡಿಗೆ ಇದೆ, ವಯಸ್ಸಾದವರೂ ಅರ್ಧವಾದರೂ ಹೋಗಿ ಬರಬಹುದು. ಅಲ್ಲಿಂದಲೇ 7,242 ಅಡಿ ಎತ್ತರದ ಬ್ಲ್ಯಾಕ್ ಎಲ್ಕ್ ಪೀಕ್‌ಗೆ ದಾರಿ. ಹೋಗಿ ಬರಲು ಏಳು ಮೈಲಿ, ಅದು ಗಟ್ಟಿ ಕಾಲಿನವರಿಗೆ. ನೀಡಲ್ಸ್ ಹೈವೇಯಲ್ಲಿ ಬಂಡೆ ಕೊರೆದು ಮಾಡಿದ ಒಂದು ಸುರಂಗದ ಅಗಲ ಬರೀ 8 ಅಡಿ. ಎಲ್ಲರೂ ಒಟ್ಟಿಗೆ ಹೋಗೋಣ ಅಂತ ದೊಡ್ಡ ವ್ಯಾನ್ ಬಾಡಿಗೆಗೆ ತೆಗೆದುಕೊಳ್ಳುವವರು ಅಳತೆ ನೋಡಿಕೊಳ್ಳಿ. ಚಳಿಗಾಲದಲ್ಲಿ ಈ ರಸ್ತೆಯನ್ನು ಮುಚ್ಚುತ್ತಾರೆ.

ಸೆಪ್ಟೆಂಬರ್ ಕೊನೆಯ ಶುಕ್ರವಾರ ಇಲ್ಲಿ ಬಫಲೋ ರೌಂಡಪ್ ನಡೆಯುತ್ತದೆ. ಬೈಸನ್‌ಗೇ ಇಲ್ಲಿ ಬಫಲೋ ಅಂತಲೂ ಅನ್ನುತ್ತಾರೆ. ಕುದುರೆ ಸವಾರರು ಇಡೀ ಹಿಂಡನ್ನು ಗುಡ್ಡದಿಂದ ಅಟ್ಟಿಕೊಂಡು ಬಂದು ದೊಡ್ಡಿಗೆ ಸೇರಿಸುತ್ತಾರೆ. ನಮ್ಮ ಕಡೆ ದನ ಹೊಡೆದುಕೊಂಡು ಬರುವ ಕೆಲಸವೇ, ಅದರ ಸಾವಿರ ಪಟ್ಟು. ಇದನ್ನು ತಮಾಷೆಗೆ ಮಾಡುವುದಲ್ಲ. ಇರುವ ಹುಲ್ಲು ಎಷ್ಟು ಬಾಯಿಗೆ ಸಾಕೋ ಅಷ್ಟನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಹರಾಜು ಹಾಕುತ್ತಾರೆ. ಕರುಗಳಿಗೆ ಲಸಿಕೆ ಹಾಕುವುದೂ ಆಗಲೇ. ನೋಡಲು ಸಾವಿರಾರು ಜನ ಸೇರುತ್ತಾರೆ. ಬೆಳಗಿನ ಕತ್ತಲಲ್ಲೇ ಹೋಗಿ ಕಾರು ನಿಲ್ಲಿಸಬೇಕು, ಹಿಂಡು ದೊಡ್ಡಿ ಸೇರುವ ತನಕ ಅಲ್ಲಿಂದ ಕದಲುವ ಹಾಗಿಲ್ಲ. ನಾವು ಹೋದ ವರ್ಷ ಒಂದು ಮೋಟೆಲ್‌ನವರು ನಮ್ಮ ಬುಕಿಂಗೇ ಇಲ್ಲ ಅಂದುಬಿಟ್ಟರು. ಒಂದೂವರೆ ಗಂಟೆ ದೂರದಲ್ಲಿ ರೂಮು ಹಿಡಿದು, ರಾತ್ರಿ ಮೂರಕ್ಕೆ ಎದ್ದು ಹೊರಟೆವು. ಬುಕ್ ಮಾಡಿದರಷ್ಟೇ ಸಾಲದು, ಹೋಗುವ ಹಿಂದಿನ ವಾರ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ.

ಮಿನಿಯಾಪೊಲಿಸ್‌ನಿಂದ ಕಸ್ಟರ್‌ಗೆ ಹತ್ತು ಗಂಟೆ ದಾರಿ. ಕೈಯಲ್ಲಿ ನಾಲ್ಕು ದಿನ ಇಲ್ಲದಿದ್ದರೆ ಹೊರಡಬೇಡಿ.

ಬ್ಲೂ ಮೌಂಡ್ಸ್: ನಾನು ಮತ್ತೆ ಮತ್ತೆ ಹೋಗುವುದು ಇಲ್ಲಿಗೆ

ಕಸ್ಟರ್‌ಗೆ ಹೋಗುವ ಐ-90 ಹೆದ್ದಾರಿಯಲ್ಲೇ, ಮಿನಿಸೋಟಾ ಮುಗಿಯುವುದಕ್ಕೆ ಸ್ವಲ್ಪ ಮೊದಲು ಲುವರ್ನ್ ಅಂತ ಒಂದು ಸಣ್ಣ ಊರು. ಅಲ್ಲಿಂದ ಉತ್ತರಕ್ಕೆ ನಾಲ್ಕೈದು ಮೈಲಿ ಹೋದರೆ ಬ್ಲೂ ಮೌಂಡ್ಸ್ ಸ್ಟೇಟ್ ಪಾರ್ಕ್. ಬಹಳ ಜನ ಇದನ್ನು ದಾಟಿಕೊಂಡು ಕಸ್ಟರ್‌ಗೆ ಓಡುತ್ತಾರೆ. ನಾನಾದರೆ ಹೋಗುವಾಗ ಒಂದು ರಾತ್ರಿ ಇಲ್ಲೇ ಉಳಿಯುತ್ತೇನೆ. ಎರಡೇ ದಿನ ರಜೆ ಇದ್ದರೆ ಇದೊಂದೇ ಸಾಕು. ಮಿನಿಯಾಪೊಲಿಸ್‌ನಿಂದ ಮೂರೂವರೆ, ನಾಲ್ಕು ಗಂಟೆ.

ದೂರದ ಬೆಟ್ಟ ನುಣ್ಣಗೆ ಅಂತೀವಿ. ಇಲ್ಲಿ ದೂರದ ಬೆಟ್ಟ ನೀಲಿ. ಪಶ್ಚಿಮಕ್ಕೆ ಎತ್ತಿನಗಾಡಿ ಕಟ್ಟಿಕೊಂಡು ಹೊರಟ ವಲಸೆಗಾರರಿಗೆ ಬಯಲಿನ ಅಂಚಿನಲ್ಲಿ ಈ ಬಂಡೆ ಸಾಲು ನೀಲಿಯಾಗಿ ಕಂಡಿತಂತೆ, ಹೆಸರು ಹಾಗೇ ಉಳಿಯಿತು. ಹತ್ತಿರ ಹೋದರೆ ನೀಲಿ ಇಲ್ಲವೇ ಇಲ್ಲ. ತೆಳು ಗುಲಾಬಿ ಬಣ್ಣದ ಸೂ ಕ್ವಾರ್ಟ್‌ಜೈಟ್ ಕಲ್ಲು, 160 ಕೋಟಿ ವರ್ಷಕ್ಕೂ ಹಳೆಯದು. ಕೆಲವು ಕಡೆ 90 ಅಡಿ ಎತ್ತರದ ಗೋಡೆ. ಲುವರ್ನ್ ಊರಿನ ಕೋರ್ಟ್ ಕಟ್ಟಡವೂ ಇದೇ ಕಲ್ಲಿನದು. ಮಣ್ಣಿನ ಕೆಳಗೆ ಹೀಗೆ ಬಂಡೆ ಇದ್ದದ್ದಕ್ಕೇ ಇಲ್ಲಿ ನೇಗಿಲು ಇಳಿಯಲಿಲ್ಲ, ಹುಲ್ಲು ಉಳಿಯಿತು. ಸುತ್ತ ಎಲ್ಲಿ ನೋಡಿದರೂ ಮುಸುಕಿನ ಜೋಳ, ಸೋಯಾ.

ಇಲ್ಲೂ ಬೈಸನ್ ಇವೆ. 1961ರಲ್ಲಿ ನೆಬ್ರಾಸ್ಕಾದಿಂದ ಮೂರು ತಂದು ಬಿಟ್ಟಿದ್ದು ಈಗ ದೊಡ್ಡ ಹಿಂಡಾಗಿದೆ. ಆದರೆ ಕಸ್ಟರ್‌ನ ಹಾಗೆ ಕಾರಿನ ಗಾಜಿಗೆ ಬಂದು ಉಸಿರು ಬಿಡುವುದಿಲ್ಲ. ಬೇಲಿಯಾಚೆ ದೂರದಲ್ಲಿ ಕರಿ ಚುಕ್ಕೆಗಳ ಹಾಗೆ ಮೇಯುತ್ತಿರುತ್ತವೆ. ನೋಡುವುದಕ್ಕೆ ಒಂದು ಅಟ್ಟಣೆ ಕಟ್ಟಿದ್ದಾರೆ. ದುರ್ಬೀನು ಇಲ್ಲದೆ ಹೋದರೆ ಮಕ್ಕಳು ಐದು ನಿಮಿಷಕ್ಕೆ "ಅಷ್ಟೇನಾ?" ಅನ್ನುತ್ತಾರೆ. ಬೈಸನ್ ಒಂದಕ್ಕೋಸ್ಕರ ಬರುವುದಾದರೆ ಬ್ಲೂ ಮೌಂಡ್ಸ್ ಬೇಡ.

ಇದು ನಡೆಯುವವರ ಪಾರ್ಕ್. ಬಂಡೆ ಅಂಚಿನ ಮೇಲೆ ಒಂದು ಕಾಲುದಾರಿ, ಅದರ ಬುಡದಲ್ಲಿ ಇನ್ನೊಂದು. ಮೇಲಿನ ದಾರಿಯಲ್ಲಿ ಹೋಗುವಾಗ ಎಡಗಡೆ ಎದೆಮಟ್ಟ ಹುಲ್ಲು, ಬಲಗಡೆ ಗೋಡೆ ಇಳಿದು ಹತ್ತಾರು ಮೈಲಿ ಬಯಲು. ಹುಲ್ಲಿನ ರಾಜ ಅಂದರೆ ಬಿಗ್ ಬ್ಲೂಸ್ಟೆಮ್. ಏಳು ಅಡಿ ಬೆಳೆಯುತ್ತದೆ. ಗಣೇಶನಿಗೆ ಇಡುವ ಗರಿಕೆ ತೆನೆ ಬಿಟ್ಟಾಗ ಬೆರಳು ಬಿಡಿಸಿದ ಹಾಗೆ ಕಾಣುತ್ತದಲ್ಲ, ಇದರ ತೆನೆಯೂ ಹಾಗೇ, ಬಹಳ ಸಲ ಮೂರು ಬೆರಳು. ತೆನೆ ಬಿಡುವ ಕಾಲವೂ ಹೆಚ್ಚುಕಮ್ಮಿ ಗಣೇಶನ ಹಬ್ಬದ ಹೊತ್ತು.

ಅಮ್ಮನಿಗೆ ಆಶ್ಚರ್ಯವಾಗಿದ್ದು ಹುಲ್ಲಲ್ಲ. ಬಂಡೆಯ ಮೇಲೆ ಎರಡು ಬೆರಳು ದಪ್ಪದ ಮಣ್ಣಿರುವ ಕಡೆ ಬಗ್ಗಿ ನೋಡಿ, "ಅಯ್ಯೋ, ಇಲ್ಲೂ ಪಾಪಸ್ ಕಳ್ಳಿ!" ಅಂದರು. ನಿಜವಾಗಿಯೂ ಪಾಪಸ್ ಕಳ್ಳಿ. ಅಂಗೈಗಿಂತ ಚಿಕ್ಕ ಪಟ್ಟೆಗಳು, ಮೇಲೆ ಹಳದಿ ಹೂವು. ಆರು ತಿಂಗಳು ಹಿಮ ಬೀಳುವ ರಾಜ್ಯದಲ್ಲಿ ಕಳ್ಳಿ! "ನಮ್ಮೂರಿಂದ ಯಾರು ತಂದು ಹಾಕಿದ್ರೋ" ಅಂತ ಅಮ್ಮ. ಕತೆ ಉಲ್ಟಾ. ಈ ಕಳ್ಳಿ ಕುಲದ ತವರೇ ಅಮೆರಿಕ ಖಂಡ, ನಮ್ಮ ಬೇಲಿಗೆ ಬಂದದ್ದು ಆಮೇಲೆ. ಹೂವು ನೋಡಬೇಕಾದರೆ ಜೂನ್ ಕೊನೆ, ಜುಲೈ ಮೊದಲು ಹೋಗಿ. ಹೂವಿನ ಆಸೆಗೆ ಕೈ ಹಾಕಬೇಡಿ, ಸಣ್ಣ ಮುಳ್ಳು ಚರ್ಮದಲ್ಲಿ ಕೂತರೆ ಮೂರು ದಿನ ಚುಚ್ಚುತ್ತದೆ.

ಇನ್ನೊಂದು ವಿಚಿತ್ರ ಇದೆ ಇಲ್ಲಿ. ಹುಲ್ಲಿನ ನಡುವೆ 1,250 ಅಡಿ ಉದ್ದದ ಕಲ್ಲಿನ ಸಾಲು, ಪೂರ್ವ ಪಶ್ಚಿಮವಾಗಿ. ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ದಿನಗಳಲ್ಲಿ ಸೂರ್ಯ ಈ ಸಾಲಿನ ನೇರಕ್ಕೆ ಹುಟ್ಟಿ ನೇರಕ್ಕೆ ಮುಳುಗುತ್ತಾನೆ. ಯಾರು ಇಟ್ಟರು, ಯಾಕೆ ಇಟ್ಟರು, ಯಾರಿಗೂ ತಿಳಿಯದು. ದೊಡ್ಡ ಕಲ್ಲುಗಳೇನಲ್ಲ, ಹೇಳದಿದ್ದರೆ ಗಮನಿಸದೆ ದಾಟಿಬಿಡುತ್ತೀರಿ.

ಬಂಡೆ ಹತ್ತುವ ಹುಚ್ಚಿರುವವರಿಗೆ ಇಲ್ಲಿ ಅನುಮತಿ ಪಡೆದು ಹಗ್ಗ ಹಾಕಿ ಹತ್ತಬಹುದು. ಮಿನಿಸೋಟಾ ಪಾರ್ಕ್‌ಗಳಿಗೆ ಗಾಡಿಗೆ ದಿನದ ಲೆಕ್ಕದಲ್ಲಿ ಶುಲ್ಕ ಇದೆ. ನಿಮ್ಮ ಹತ್ತಿರ ನ್ಯಾಷನಲ್ ಪಾರ್ಕ್ ವಾರ್ಷಿಕ ಪಾಸ್ ಇದ್ದರೆ ಅದು ಇಲ್ಲಿ ನಡೆಯುವುದಿಲ್ಲ, ಬೇರೆ ಯಾವ ಸ್ಟೇಟ್ ಪಾರ್ಕ್‌ನಲ್ಲೂ ನಡೆಯುವುದಿಲ್ಲ. ಪಾಸ್ ಹಿಡಿದು ಗೇಟಿನಲ್ಲಿ ವಾದ ಮಾಡಿದವರಲ್ಲಿ ನಮ್ಮ ಮನೆಯವರೂ ಒಬ್ಬರು.

ಬರೀ ಹುಲ್ಲು ಬೇಕಾದವರಿಗೆ

ಮಿಸ್ಸೌರಿಯ ಪಾರ್ಕ್‌ನ ಹೆಸರೇ ಪ್ರೇರಿ ಸ್ಟೇಟ್ ಪಾರ್ಕ್. ಕ್ಯಾನ್ಸಸ್ ಗಡಿಗೆ ಅಂಟಿಕೊಂಡಿದೆ, ಸುಮಾರು 4,000 ಎಕರೆ. ಡಲ್ಲಾಸ್‌ನಿಂದ ಮನೆ ಸಾಮಾನು ಕಳಿಸಿ ನಾವಿಬ್ಬರು ಕಾರಿನಲ್ಲಿ ಬರುವಾಗ ಸುಮ್ನೆ ಒಂದು ಗಂಟೆ ಇಳಿದು ಹೋಗೋಣ ಅಂತ ಹೋಗಿ, ಸಂಜೆ ತನಕ ಇದ್ದೆವು. ಬೆಟ್ಟ ಇಲ್ಲ, ಬಂಡೆ ಇಲ್ಲ, ಅಂಗಡಿ ಇಲ್ಲ. ಗಾಳಿ ಬಂದಾಗ ಇಡೀ ಬಯಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುತ್ತದೆ, ಅಷ್ಟೇ. ಮಿಸ್ಸೌರಿಯಲ್ಲಿ ಹಿಂದೆ ಒಂದೂವರೆ ಕೋಟಿ ಎಕರೆ ಇಂಥ ಹುಲ್ಲು ಇತ್ತಂತೆ. ಈಗ ನೂರಕ್ಕೆ ಒಂದು ಪಾಲೂ ಉಳಿದಿಲ್ಲ. ಇದು ಹಾಗೆ ಉಳಿದದ್ದರಲ್ಲಿ ಒಂದು ತುಂಡು. ಪ್ರವೇಶಕ್ಕೆ ದುಡ್ಡಿಲ್ಲ, ಮಿಸ್ಸೌರಿಯ ಯಾವ ಸ್ಟೇಟ್ ಪಾರ್ಕ್‌ಗೂ ಇಲ್ಲ.

ಬೈಸನ್ ಮತ್ತು ಎಲ್ಕ್ ಅನ್ನುವ ದೊಡ್ಡ ಜಿಂಕೆಗಳು ಇಲ್ಲಿ ಇವೆ. ಕಾಲುದಾರಿಗಳು ಅವು ಮೇಯುವ ಜಾಗದಲ್ಲೇ ಹಾಯುತ್ತವೆ. ಆದ್ದರಿಂದ ಮೊದಲು ನೇಚರ್ ಸೆಂಟರ್‌ಗೆ ಹೋಗಿ ಹಿಂಡು ಇವತ್ತು ಎಲ್ಲಿದೆ ಅಂತ ಕೇಳಿ, ಆ ಕಡೆ ಬಿಟ್ಟು ಬೇರೆ ಕಡೆ ನಡೆಯಿರಿ. ಹಕ್ಕಿ ನೋಡುವವರಿಗೆ, ಕ್ಯಾಮೆರಾದವರಿಗೆ, ಮಾತು ಕಮ್ಮಿ ಇರುವ ಗಂಡ ಹೆಂಡತಿಗೆ ಒಳ್ಳೆ ಜಾಗ. ಹತ್ತು ವರ್ಷದ ಮಕ್ಕಳನ್ನು ಕರೆದುಕೊಂಡು ಹೋದರೆ ನಿಮ್ಮ ಪಾಡು ನಿಮಗೆ.

ಷಿಕಾಗೋದವರಿಗೆ ಇಷ್ಟು ದೂರ ಬೇಡ. ಒಂದು ಗಂಟೆ ಚಿಲ್ಲರೆ ದೂರದ ಮಾರಿಸ್ ಊರಿನ ಹತ್ತಿರ ಗೂಸ್ ಲೇಕ್ ಪ್ರೇರಿ ಇದೆ. ಬೈಸನ್ ಇಲ್ಲ, ರಾತ್ರಿ ಉಳಿಯುವ ಹಾಗಿಲ್ಲ. ಬುತ್ತಿ ಕಟ್ಟಿಕೊಂಡು ಬೆಳಗ್ಗೆ ಹೋಗಿ ಮಧ್ಯಾಹ್ನ ವಾಪಸ್ ಬರುವ ಜಾಗ. ಇಲಿನಾಯ್‌ಗೆ 'ಪ್ರೇರಿ ಸ್ಟೇಟ್' ಅಂತ ಹೆಸರು, ಆದರೆ ಅಲ್ಲಿ ಪ್ರೇರಿ ಹುಡುಕಿದರೂ ಸಿಗುವುದು ಕಷ್ಟ. ಕಾರಣ ಮಣ್ಣು. ನಮ್ಮ ಎರೆಭೂಮಿಯ ಹಾಗೆ ಕಪ್ಪು, ಜಿಗುಟು. ಹಳೆ ನೇಗಿಲಿಗೆ ಹತ್ತು ಹೆಜ್ಜೆಗೊಮ್ಮೆ ಮೆತ್ತಿಕೊಳ್ಳುತ್ತಿತ್ತು. 1837ರಲ್ಲಿ ಇದೇ ಇಲಿನಾಯ್‌ನಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ಮಣ್ಣು ಅಂಟದ ನಯವಾದ ಉಕ್ಕಿನ ನೇಗಿಲು ಮಾಡಿದ. ಆಮೇಲೆ ಕೆಲವೇ ದಶಕಗಳಲ್ಲಿ ಹುಲ್ಲು ಹೋಗಿ ಹೊಲ ಬಂತು. ಇವತ್ತು ಹಸಿರು ಟ್ರ್ಯಾಕ್ಟರ್ ಮೇಲೆ ಕಾಣುವುದು ಅವನದೇ ಹೆಸರು.

ಟೆಕ್ಸಸ್ ಮತ್ತು ಫ್ಲಾರಿಡಾ

ಡಲ್ಲಾಸ್, ಆಸ್ಟಿನ್ ಕಡೆಯವರು ಉತ್ತರಕ್ಕೆ ಬರುವ ಬದಲು ಕ್ವಿಟಾಕ್ವೇ ಊರಿನ ಕ್ಯಾಪ್‌ರಾಕ್ ಕ್ಯಾನಿಯನ್ಸ್‌ಗೆ ಹೋಗಿ. ಊರಿನ ಹೆಸರನ್ನು ಅಲ್ಲಿನವರು 'ಕಿಟಿಕ್ವೇ' ಅನ್ನುತ್ತಾರೆ. ಕೆಂಪು ಬಂಡೆ, ನಡುನಡುವೆ ಬಿಳಿ ಜಿಪ್ಸಮ್ ಗೆರೆ, ಹಣೆಗೆ ವಿಭೂತಿ ಬಳಿದ ಹಾಗೆ. ಇಲ್ಲಿನ ಬೈಸನ್‌ಗಳ ಹಿಂದೆ ಒಬ್ಬ ಹೆಂಗಸಿನ ಮಾತಿದೆ. 1878ರ ಹೊತ್ತಿಗೆ ಬೇಟೆಗಾರರು ಈ ಬಯಲಿನ ಹಿಂಡುಗಳನ್ನೆಲ್ಲ ಮುಗಿಸುತ್ತಿದ್ದಾಗ, ಮೇರಿ ಆನ್ ಗುಡ್‌ನೈಟ್ ತನ್ನ ಗಂಡ ಚಾರ್ಲ್ಸ್‌ಗೆ ತಬ್ಬಲಿ ಕರುಗಳನ್ನಾದರೂ ಉಳಿಸು ಅಂದಳು. ದನ ಸಾಕುವ ರ‍್ಯಾಂಚ್‌ನಲ್ಲಿ ಹಾಗೆ ಉಳಿದವುಗಳ ವಂಶವೇ 1997ರಲ್ಲಿ ಈ ಪಾರ್ಕ್‌ಗೆ ಬಂತು. ಈಗ ಇದು ಟೆಕ್ಸಸ್ ರಾಜ್ಯದ ಅಧಿಕೃತ ಹಿಂಡು. ಬೇಲಿ ಅನ್ನುವುದು ಪಾರ್ಕ್‌ನ ಸುತ್ತಲೇ ಇರುವುದು, ಆದ್ದರಿಂದ ಟೆಂಟ್ ಹಾಕುವ ಜಾಗದಲ್ಲೂ ಓಡಾಡುತ್ತವೆ. ಬೆಳಗ್ಗೆ ಜಿಪ್ ತೆಗೆಯುವ ಮೊದಲು ಒಂದು ಸಲ ಇಣುಕಿ ನೋಡಿ.

ಹಳೆ ರೈಲು ದಾರಿಯೊಂದನ್ನು 64 ಮೈಲಿಯ ನಡಿಗೆ, ಸೈಕಲ್ ದಾರಿ ಮಾಡಿದ್ದಾರೆ. ಅದರಲ್ಲಿರುವ ಕ್ಲ್ಯಾರಿಟಿ ಸುರಂಗದಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಲಕ್ಷಗಟ್ಟಲೆ ಬಾವಲಿ. ನಾವು ನೋಡಲಾಗಲಿಲ್ಲ. ಜುಲೈಯಲ್ಲಿ ಹೋದದ್ದು ನಮ್ಮದೇ ತಪ್ಪು. ಹತ್ತು ಗಂಟೆಗೆ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ತಂದಿದ್ದ ನೀರು ಎರಡನೇ ಮೈಲಿಗೆ ಮುಗಿಯಿತು, ಅಲ್ಲಿಂದಲೇ ತಿರುಗಿದೆವು. ಒಬ್ಬರಿಗೆ ಗಂಟೆಗೆ ಒಂದು ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಏಪ್ರಿಲ್ ಅಥವಾ ಅಕ್ಟೋಬರ್‌ನಲ್ಲಿ ಹೋದರೆ ಈ ರಗಳೆಯೇ ಇಲ್ಲ.

ಫ್ಲಾರಿಡಾದಲ್ಲೂ ಪ್ರೇರಿ ಇದೆ ಅಂದರೆ ಜನ ನಂಬುವುದಿಲ್ಲ. ಒರ್ಲ್ಯಾಂಡೊದಿಂದ ಎರಡು ಗಂಟೆ ದಕ್ಷಿಣಕ್ಕೆ ಕಿಸ್ಸಿಮ್ಮೀ ಪ್ರೇರಿ, 54,000 ಎಕರೆ. ಮಕ್ಕಳಿಗೆ ಡಿಸ್ನಿ ಮುಗಿಸಿದ ಮೇಲೆ ನಿಮಗೂ ಏನಾದರೂ ಬೇಕಲ್ಲ, ಒಂದು ರಾತ್ರಿ ಅಲ್ಲಿ ಕಳೆಯಿರಿ. ಹಗಲಿಗಿಂತ ರಾತ್ರಿಯೇ ಚಂದ. ಊರ ದೀಪ ಇಲ್ಲದ್ದಕ್ಕೆ ಅದನ್ನು 2016ರಲ್ಲಿ ಡಾರ್ಕ್ ಸ್ಕೈ ಪಾರ್ಕ್ ಅಂತ ಗುರುತಿಸಿದ್ದಾರೆ. ಟೆಲಿಸ್ಕೋಪ್ ಇಡುವವರಿಗೆಂದೇ ಬೇರೆ ಜಾಗ ಇದೆ. ಅಮಾವಾಸ್ಯೆ ನೋಡಿಕೊಂಡು ಬುಕ್ ಮಾಡಿ, ಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇದ್ದರೆ ಈ ಕೆಲಸಕ್ಕೂ ಬರುತ್ತದೆ.

ಪಾರ್ಕ್‌ಗಿಂತ ತಿಂಗಳು ಮುಖ್ಯ

ಕೇಸರಿ ಬಣ್ಣದ ಬೈಸನ್ ಕರು ನೋಡಬೇಕಾದರೆ ಮೇ. ಹೂವಿಗೆ ಜುಲೈ. ಗೂಳಿಗಳು ಗುಟುರು ಹಾಕುತ್ತ ಕಾದಾಡುವುದು ಜುಲೈ ಕೊನೆ ಮತ್ತು ಆಗಸ್ಟ್‌ನಲ್ಲಿ, ಆಗ ಅವುಗಳಿಂದ ಇನ್ನೂ ದೂರ ಇರಿ. ಆಳೆತ್ತರದ ಹುಲ್ಲು ಬೇಕಾದರೆ ಸೆಪ್ಟೆಂಬರ್, ಹುಲ್ಲು ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ಜೂನ್‌ನಲ್ಲಿ ಹೋಗಿ "ಏಳು ಅಡಿ ಅಂದ್ರಲ್ಲ, ಮಂಡಿ ಮುಟ್ಟಲಿಲ್ಲ" ಅಂತ ನನಗೆ ಬೈದವರಿದ್ದಾರೆ. ಏಪ್ರಿಲ್‌ನಲ್ಲಿ ಹೋದರೆ ಕೆಲವು ಕಡೆ ನೆಲವೆಲ್ಲ ಕರಿಬೂದಿ. ಹೆದರಬೇಡಿ, ಬೇಕೆಂದೇ ಬೆಂಕಿ ಇಟ್ಟಿರುತ್ತಾರೆ. ಮಲೆನಾಡಿನ ಬ್ಯಾಣಕ್ಕೆ ಬೆಂಕಿ ಹಾಕುವ ಹಾಗೇ. ಮರದ ಸಸಿಗಳು ಸುಟ್ಟು ಹೋಗುತ್ತವೆ, ಹುಲ್ಲಿನ ಬೇರು ಎಷ್ಟೋ ಅಡಿ ಕೆಳಗಿರುವುದರಿಂದ ಎರಡು ವಾರಕ್ಕೆ ಮತ್ತೆ ಚಿಗುರು. ಆ ಚಿಗುರಿಗೆ ಬೈಸನ್‌ಗಳೂ ಬರುತ್ತವೆ.

ಯಾವ ಪಾರ್ಕ್‌ಗೆ ಹೋದರೂ ಉಣುಗು ಇದ್ದೇ ಇದೆ. ಉದ್ದ ಪ್ಯಾಂಟ್ ಹಾಕಿ, ಅದನ್ನು ಸಾಕ್ಸ್ ಒಳಗೆ ಸಿಕ್ಕಿಸಿ. ಸಂಜೆ ರೂಮಿಗೆ ಬಂದ ಮೇಲೆ ಮಕ್ಕಳ ಕಿವಿ ಹಿಂದೆ, ಮಂಡಿ ಹಿಂದೆ ನೋಡಿ. ಅಮ್ಮ ಸೀರೆಯಲ್ಲೇ ನಡೀತೀನಿ ಅಂದರು, ಒಂದೇ ಮೈಲಿಗೆ ಸೆರಗಿನ ತುಂಬ ಹುಲ್ಲಿನ ಬೀಜ. ಮರುದಿನ ನನ್ನ ಟ್ರ್ಯಾಕ್ ಪ್ಯಾಂಟ್ ಕೇಳಿದರು.

ಬೈಸನ್ ಸಾಧು ಹಸುವಿನ ಹಾಗೆ ಕಂಡರೂ ಗಂಡು ಒಂದೊಂದು 900 ಕೆಜಿ ತೂಗುತ್ತದೆ, ಗಂಟೆಗೆ 35 ಮೈಲಿ ಓಡುತ್ತದೆ. ಕ್ಯಾಪ್‌ರಾಕ್‌ನಲ್ಲಿ 50 ಗಜ ದೂರ ಇರಿ ಅನ್ನುತ್ತಾರೆ. ಬಾಲ ಮೇಲೆತ್ತಿತು ಅಂದರೆ ಫೋಟೊ ಸಾಕು, ಹಿಂದಕ್ಕೆ ನಡೆಯಿರಿ.

ಊಟದ ವಿಷಯ. ಇವೆಲ್ಲ ಸಣ್ಣ ಊರುಗಳು, ಸಸ್ಯಾಹಾರ ಅಂದರೆ ಆಲೂಗಡ್ಡೆ ಫ್ರೈ ಮತ್ತು ಚೀಸ್ ಪಿಜ್ಜಾ. ಕ್ಯಾಬಿನ್‌ನಲ್ಲಿ ಕರೆಂಟ್ ಇದ್ದರೆ ಸಣ್ಣ ರೈಸ್ ಕುಕ್ಕರ್ ಒಂದು ಸಾಕು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ನೆನೆಸಿದರೆ ಆಗುವ ಅವಲಕ್ಕಿ, ಇಷ್ಟರಲ್ಲಿ ನಾಲ್ಕು ದಿನ ಕಳೆಯುತ್ತದೆ. ಕಸ್ಟರ್‌ನ ಕ್ಯಾಬಿನ್‌ಗಳನ್ನು ವರ್ಷ ಮೊದಲೇ ಕಾದಿರಿಸುತ್ತಾರೆ. ಮಿನಿಸೋಟಾದಲ್ಲಿ 120 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ಅಪ್ಪ ಅಮ್ಮನ ಟಿಕೆಟ್ ಆದ ದಿನವೇ ಕೂತು ಲೆಕ್ಕ ಹಾಕಿ.

ನಮ್ಮದು ಈ ಸಲ ಆಗಿದೆ. ಸೆಪ್ಟೆಂಬರ್ ಮೂರನೇ ವಾರ, ಬ್ಲೂ ಮೌಂಡ್ಸ್, ಎರಡು ರಾತ್ರಿ. ಅಪ್ಪನಿಗೆ ಆ ಕಲ್ಲಿನ ಸಾಲಿನಲ್ಲಿ ಸೂರ್ಯ ಹುಟ್ಟುವುದನ್ನು ನೋಡಬೇಕಂತೆ. ದುರ್ಬೀನು ನಾವೇ ತರುತ್ತೇವೆ ಅಂತ ಆಗಲೇ ಫೋನ್ ಬಂದಿದೆ.